ಕಾಗದದ ಮೇಲೆ ಎರಡು ಮಾರ್ಗ, ಹೊಲದಲ್ಲಿ ಒಂದೇ ಗೋಪುರ

ಮಂಡ್ಯ ಜಿಲ್ಲೆಯ 66 ಕಿಲೋವೋಲ್ಟ್ ವಿದ್ಯುತ್ ಜಾಲದ ಒಂದು ಭಾಗ ಎಷ್ಟು ಸುಭದ್ರವಾಗಿದೆ ಎಂದು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲು ನಾನು ವಿದ್ಯುತ್ತಿನ ವಿಚಾರವನ್ನೇ ಬದಿಗಿಟ್ಟು ಜಾಲದ ರಚನೆಯನ್ನಷ್ಟೇ ನೋಡಿದೆ. ಸ್ಟೇಷನ್ನುಗಳನ್ನು (ವಿದ್ಯುತ್ ಉಪಕೇಂದ್ರಗಳನ್ನು) ಬಿಂದುಗಳಾಗಿ, ಮಾರ್ಗಗಳನ್ನು ಗೆರೆಗಳಾಗಿ ಬರೆದುಕೊಂಡು ಒಂದೊಂದೇ ಗೆರೆಯನ್ನು ಅಳಿಸುತ್ತಾ ಹೋದರೆ, ಯಾವ ಊರು ಜಾಲದಿಂದ ಕಡಿದುಹೋಗುತ್ತದೆ ಎಂಬುದು ಒಂದು ಮಧ್ಯಾಹ್ನದಲ್ಲೇ ತಿಳಿಯುತ್ತದೆ. 1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಕಾಲಕ್ಕೆ ಇಷ್ಟು ಪರೀಕ್ಷೆ ಸಾಕಾಗುತ್ತಿತ್ತೇನೋ.

ಆದರೆ ಗೆರೆ ಉಳಿದ ಮಾತ್ರಕ್ಕೆ ಅದು ಹೊರೆ ತಾಳುತ್ತದೆ ಎಂದಲ್ಲ. ಒಂದು ಮಾರ್ಗ ಬಿದ್ದರೆ ಅದರಲ್ಲಿದ್ದ ವಿದ್ಯುತ್ ಉಳಿದ ಮಾರ್ಗಗಳಿಗೆ ಅವುಗಳ ಇಂಪಿಡೆನ್ಸಿಗೆ, ಅಂದರೆ ಕರೆಂಟಿಗೆ ಅವು ಒಡ್ಡುವ ತಡೆಗೆ, ತಕ್ಕಂತೆ ಹಂಚಿಕೆಯಾಗುತ್ತದೆ. ಆದ್ದರಿಂದ ಪ್ರತಿ ಮಾರ್ಗವನ್ನೂ ಸರದಿಯಂತೆ ತೆಗೆದು, ಉಳಿದವುಗಳಲ್ಲಿ ಎಷ್ಟೆಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೋಡ್ ಫ್ಲೋ ಲೆಕ್ಕ ಹಾಕಬೇಕು. ವೋಲ್ಟೇಜ್ ಎಲ್ಲೆಡೆ ಸ್ಥಿರವೆಂದು ಊಹಿಸುವ ಸರಳ ಲೆಕ್ಕದಲ್ಲಿ ಯಾವ ಮಾರ್ಗವೂ ಮಿತಿ ಮೀರಲಿಲ್ಲ. ನನಗೆ ಸಮಾಧಾನವಾಗಲಿಲ್ಲ. ನಾಲೆಯಲ್ಲಿ ನೀರು ನಿಂತ ಬೇಸಿಗೆಯ ದಿನಗಳಲ್ಲಿ, ತ್ರೀಫೇಸ್ ಕೊಟ್ಟ ಕೂಡಲೇ ಕಬ್ಬಿನ ಗದ್ದೆಗಳ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ, ಮತ್ತು ಮೋಟಾರು ತನ್ನ ಕಾಂತಕ್ಷೇತ್ರಕ್ಕಾಗಿ ಬೇಡುವ, ವೋಲ್ಟೇಜನ್ನು ತಗ್ಗಿಸುವ ರಿಯಾಕ್ಟಿವ್ ಪವರ್ ಆ ಸರಳ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಉತ್ತರವನ್ನು ಹಂತಹಂತವಾಗಿ ತಿದ್ದುತ್ತಾ ಹೋಗುವ ನ್ಯೂಟನ್–ರಾಫ್ಸನ್ ವಿಧಾನದಲ್ಲಿ ಪೂರ್ಣ ಲೆಕ್ಕ ಮಾಡಿದಾಗ, ಒಂದು ನಿರ್ದಿಷ್ಟ ಮಾರ್ಗ ತಪ್ಪಿದರೆ ಕೊನೆಯ ಸ್ಟೇಷನ್ನಿನ ವೋಲ್ಟೇಜ್ ಗ್ರಿಡ್ ಸಂಹಿತೆ (ವಿದ್ಯುತ್ ಜಾಲದ ನಿಯಮಾವಳಿ) ಹೇಳುವ 60 ಕಿಲೋವೋಲ್ಟ್ ಕನಿಷ್ಠಕ್ಕಿಂತ ಕೆಳಗಿಳಿಯಿತು.

ವೋಲ್ಟೇಜ್ ಕುಸಿತವನ್ನು ನಾನು ಹಗುರವಾಗಿ ನೋಡುವುದಿಲ್ಲ. 2012ರ ಜುಲೈ 30ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ, ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಟ್ರಿಪ್ ಆಗಿದ್ದು ಯಾವುದೇ ಶಾರ್ಟ್ ಸರ್ಕ್ಯೂಟಿನಿಂದಲ್ಲ. ಹೆಚ್ಚಿದ ಕರೆಂಟು, ತಗ್ಗಿದ ವೋಲ್ಟೇಜು ಎರಡೂ ಸೇರಿ ದೋಷದ ದೂರವನ್ನು ಅಂದಾಜಿಸಿ ಮಾರ್ಗವನ್ನು ಕಡಿಯುವ ಸಾಧನವಾದ ಡಿಸ್ಟೆನ್ಸ್ ರಿಲೇಗೆ ದೂರದ ದೋಷದಂತೆ ಕಂಡವು. ಅಂದಿನಿಂದ ಲೆಕ್ಕದ ಪ್ರತಿ ಫಲಿತಾಂಶವನ್ನೂ ರಿಲೇಯ ಸೆಟ್ಟಿಂಗಿನ ಪಕ್ಕದಲ್ಲಿಟ್ಟು ನೋಡುವುದು ನನಗೆ ರೂಢಿಯಾಗಿದೆ.

ಇಷ್ಟಾದ ಮೇಲೂ ಒಂದು ಕೊರತೆ ಉಳಿದಿತ್ತು. ನಕ್ಷೆಯಲ್ಲಿ ಜೋಡಿ ಮಾರ್ಗವಿದ್ದುದರಿಂದ ಸುಭದ್ರವೆಂದು ಗುರುತು ಹಾಕಿದ್ದ ಒಂದು ಸ್ಟೇಷನ್ನಿಗೆ ಬೈಕಿನಲ್ಲಿ ಹೋಗಿ, ನಾಲೆಯ ಏರಿಯ ಮೇಲೆ ನಿಂತು ನೋಡಿದೆ. ಒಂದೇ ಗೋಪುರದ ಎಡತೋಳುಗಳಿಂದ ಮೂರು ತಂತಿ, ಬಲತೋಳುಗಳಿಂದ ಮೂರು ತಂತಿ ಇಳಿಬಿದ್ದಿದ್ದವು. ಅದರ ಒಂದು ಕಾಲಿನ ಬುಡದ ಮಣ್ಣನ್ನು ನೀರು ಕೊರೆದು, ಕಾಂಕ್ರೀಟು ಒಂದು ಗೇಣು ಹೊರಗೆ ಕಾಣುತ್ತಿತ್ತು. ನಾನು ಎರಡೆಂದು ಎಣಿಸಿದ್ದ ಮಾರ್ಗಗಳು ಆ ಒಂದು ಕಾಲಿನ ಮೇಲೆ ನಿಂತಿದ್ದವು.

ಆ ಸಂಜೆಯೇ ಪಟ್ಟಿಯನ್ನು ತಿದ್ದಿ, ಒಂದೇ ಗೋಪುರ ಹಂಚಿಕೊಂಡ ಮಾರ್ಗಗಳನ್ನೆಲ್ಲ ಜೊತೆಯಾಗಿ ತೆಗೆದು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ವರದಿಯ ಮೊದಲ ಪುಟದಲ್ಲಿ ಆ ಬುಡದ ಫೋಟೋ ಇಟ್ಟು, ಮಳೆಗಾಲಕ್ಕೆ ಮುನ್ನ ಕಲ್ಲು ಕಟ್ಟಬೇಕೆಂದು ಬರೆದೆ.