ಬ್ಯಾರನೆಟ್ ಒಬ್ಬನ ಬಾಳು ಬರೆಯುವುದಾದರೆ ಹೆಂಡತಿಯಿಂದ ಶುರು ಮಾಡಿ

17ನೇ ಶತಮಾನದ ಇಂಗ್ಲಿಷ್ ರಾಜಕಾರಣಿಯ ಪರಿಚಯ ಬರೆಯಲು ಕೂತವರು ಮೊದಲು ಹುಡುಕುವುದು, ಅವನು ಯಾವ ಊರಿಂದ ಎಷ್ಟು ಸಲ ಪಾರ್ಲಿಮೆಂಟಿಗೆ ಆರಿಸಿಬಂದ ಅನ್ನುವುದನ್ನು. ಅದು ಕೊನೆಗಿರಲಿ. ಬಕಿಂಗ್‌ಹ್ಯಾಮ್‌ಶೈರಿನ ಕ್ಲೇಡನ್‌ನ ಸರ್ ರಾಲ್ಫ್ ವರ್ನಿಯ (1613–1696) ಬಗ್ಗೆ ಟಿಪ್ಪಣಿ ಮಾಡುವಾಗ ನಾನು ನೋಟ್‌ಬುಕ್ಕಿನ ಎಡಪುಟಗಳನ್ನೆಲ್ಲ ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟೆ: ತಾಯಿ, ಹೆಂಡತಿ, ಆರು ಜನ ತಂಗಿಯರು. ಬಲಪುಟ ಅವನಿಗೆ. ಬೇಗ ತುಂಬಿದ್ದು ಎಡಪುಟವೇ.

ಬರೆಯುವ ಮುಂಚೆ ಹೆಸರಿನ ಗೋಜಲು ಬಿಡಿಸಿಕೊಳ್ಳಿ. ರಾಲ್ಫ್‌ನ ತಂದೆ ಎಡ್ಮಂಡ್, ತಮ್ಮ ಎಡ್ಮಂಡ್, ಹಿರಿಮಗನೂ ಎಡ್ಮಂಡ್. ಹೆಸರಿನ ಪಕ್ಕ ಸತ್ತ ವರ್ಷ ಹಾಕಿಕೊಂಡರೆ ಸಾಕು: 1642, 1649, 1688. ತಂದೆ, ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಎಜ್‌ಹಿಲ್ ಕಾಳಗದಲ್ಲಿ ರಾಜನ ಧ್ವಜ ಹಿಡಿದು ಸತ್ತವನು. ತಮ್ಮ ಐರ್ಲೆಂಡಿನ ಡ್ರೋಹೆಡಾದಲ್ಲಿ ಸತ್ತ. ಇಬ್ಬರೂ ರಾಜನ ಕಡೆ. ರಾಲ್ಫ್ ಮಾತ್ರ ಪಾರ್ಲಿಮೆಂಟಿನ ಕಡೆ. ಮನಸ್ಸಿನಲ್ಲಿ ಒಪ್ಪಿಗೆ ಇಲ್ಲದಿದ್ದರೂ ತಂದೆ ರಾಜನನ್ನು ಬಿಡಲಿಲ್ಲ. ಸುಮಾರು ಮೂವತ್ತು ವರ್ಷ ಅವನ ಅನ್ನ ತಿಂದು ಸೇವೆ ಮಾಡಿದ್ದೇನೆ, ಈಗ ಕೈಬಿಡುವುದು ನೀಚತನ ಅಂದನಂತೆ. ಸತ್ತ ಮೇಲೂ ಕೈ ಧ್ವಜ ಬಿಟ್ಟಿರಲಿಲ್ಲ ಎಂಬ ಕಥೆ ಇದೆ. ಬರೆಯುವುದಾದರೆ ಕಥೆ ಎಂದೇ ಬರೆಯಿರಿ.

ಇನ್ನು ‘ಸರ್’. ರಾಲ್ಫ್ 1640ರ ದಶಕದ ಆರಂಭದಲ್ಲಿ ನೈಟ್ ಆದ, 1661ರಲ್ಲಿ ಬ್ಯಾರನೆಟ್. ಎರಡಕ್ಕೂ ‘ಸರ್’ ಎಂದೇ ಕರೆಯುವುದರಿಂದ, 1645ರ ಕಾಗದದಲ್ಲಿ ‘ಸರ್’ ಕಂಡರೆ ಅವನನ್ನು ಬ್ಯಾರನೆಟ್ ಮಾಡಿಬಿಡಬೇಡಿ. ನೈಟ್ ಪದವಿ ಅವನ ಜೊತೆಗೇ ಮುಗಿಯುತ್ತದೆ; ಬ್ಯಾರನೆಟ್ ಪದವಿ ಮಗನಿಗೆ ಹೋಗುತ್ತದೆ. 1611ರಲ್ಲಿ ಒಂದನೇ ಜೇಮ್ಸ್ ಹಣಕ್ಕಾಗಿಯೇ ಹುಟ್ಟಿಸಿದ ಪದವಿ ಇದು, ಬೆಲೆ 1,095 ಪೌಂಡ್. ಬ್ಯಾರನೆಟ್ ಲಾರ್ಡ್ ಅಲ್ಲ. ಹಾಗಾಗಿ ಅವನು ಪಾರ್ಲಿಮೆಂಟಿನ ಚುನಾಯಿತ ಸಭೆಯಾದ ಕಾಮನ್ಸ್‌ಗೆ ನಿಲ್ಲಬಹುದು.

ತಾರೀಖಿನ ಬಗ್ಗೆ ಹುಷಾರು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ನಾವು 1648ರ ಜನವರಿ ಅನ್ನುವುದು ಕಾಗದದಲ್ಲಿ 1647ರ ಜನವರಿ ಎಂದಿರುತ್ತದೆ. ಫ್ರಾನ್ಸಿನಿಂದ ಬಂದ ಪತ್ರವಾದರೆ ಅಲ್ಲಿಯ ಕ್ಯಾಲೆಂಡರ್ ಹತ್ತು ದಿನ ಮುಂದೆ. ಇದನ್ನು ಸರಿಮಾಡಿಕೊಳ್ಳದಿದ್ದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬಂದಂತೆ ಕಾಣುತ್ತದೆ.

ಈಗ ಹೆಂಡತಿ, ಮೇರಿ ಬ್ಲಾಕ್‌ನಲ್. ತಬ್ಬಲಿ, ಆಸ್ತಿಯುಳ್ಳವಳು. 1629ರ ಮದುವೆಯಲ್ಲಿ ಅವಳಿಗೆ 13, ಅವನಿಗೆ 15. 1643ರಲ್ಲಿ ಪಾರ್ಲಿಮೆಂಟ್ ತನ್ನ ಸದಸ್ಯರಿಂದ ಕೇಳಿದ ಕವನೆಂಟ್ ಎಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಲೊಲ್ಲದೆ ರಾಲ್ಫ್ ಸಂಸಾರ ಕಟ್ಟಿಕೊಂಡು ಫ್ರಾನ್ಸಿಗೆ ಹೋದ, ಕೊನೆಗೆ ಬ್ಲುವಾ ಪಟ್ಟಣದಲ್ಲಿ ನೆಲೆಸಿದ. ತಾನು ನಂಬಿದ ಪಾರ್ಲಿಮೆಂಟೇ ಅವನ ಆಸ್ತಿ ಜಪ್ತಿ ಮಾಡಿತು. ಈ ಕಾಲದಲ್ಲಿ ಹೆಂಗಸರಷ್ಟು ಕೆಲಸಕ್ಕೆ ಬರುವವರು ಇನ್ನಾರೂ ಇಲ್ಲ ಎಂಬ ಅರ್ಥದಲ್ಲಿ ಸೋದರಮಾವ ಡಾಕ್ಟರ್ ವಿಲಿಯಂ ಡೆಂಟನ್ ಬರೆದ. 1646ರ ಕೊನೆಗೆ ಗರ್ಭಿಣಿ ಮೇರಿ ಜಪ್ತಿ ಬಿಡಿಸಲು ಲಂಡನ್ನಿಗೆ ಬಂದಳು. ಪಾರ್ಲಿಮೆಂಟಿನ ಕಮಿಟಿಯವರ ಬಾಗಿಲು, ಸಾಲ ಕೊಟ್ಟವರ ಕಾಟ, ಬಾಡಿಗೆ ಕೋಣೆ. ಅಲ್ಲೇ ಮಗ ಹುಟ್ಟಿದ. ಗಂಡ ಬೇರೆ ಹೆಸರು ಸೂಚಿಸಿದ್ದರೂ ಅವಳು ರಾಲ್ಫ್ ಎಂದೇ ಇಟ್ಟಳು. ಆ ಕೂಸು ಉಳಿಯಲಿಲ್ಲ. ಅದೇ 1647ರಲ್ಲಿ ಫ್ರಾನ್ಸಿನಲ್ಲಿದ್ದ ಮಗಳು ಪೆಗ್ ಕೂಡ ತೀರಿಹೋದಳು. 1648ರ ಜನವರಿಯಲ್ಲಿ ಜಪ್ತಿ ತೆರವಾಯಿತು. ಎರಡು ವರ್ಷದಲ್ಲಿ, 1650ರಲ್ಲಿ, ಮೇರಿ ಬ್ಲುವಾದಲ್ಲಿ ತೀರಿಕೊಂಡಳು. ರಾಲ್ಫ್ ಮತ್ತೆ ಮದುವೆಯಾಗಲಿಲ್ಲ. ಅವನ ಜೀವನಚರಿತ್ರೆಯ ನಡುಭಾಗ ಇದೇ. ಇದಕ್ಕೆ ಒಂದು ಸಾಲು, ಚುನಾವಣೆಗೆ ಎರಡು ಪುಟ ಕೊಟ್ಟರೆ ನಾನು ಒಪ್ಪುವುದಿಲ್ಲ.

ಪಾರ್ಲಿಮೆಂಟಿನ ವಿಷಯ ಚಿಕ್ಕದು: 1640ರಲ್ಲಿ ಏಲ್ಸ್‌ಬರಿಯಿಂದ ಆಯ್ಕೆ, 1645ರಲ್ಲಿ ಗೈರುಹಾಜರಿಗಾಗಿ ಸಭೆಯಿಂದ ಹೊರಗೆ, 1680ರ ದಶಕದಲ್ಲಿ ಬಕಿಂಗ್‌ಹ್ಯಾಮ್‌ನಿಂದ ಆಯ್ಕೆ. ಸಭೆಯಲ್ಲಿ ಕೂತು ಅವನು ಪೆನ್ಸಿಲಿನಲ್ಲಿ ಗೀಚಿಕೊಂಡ ಟಿಪ್ಪಣಿಗಳು ಅವನ ಯಾವ ಭಾಷಣಕ್ಕಿಂತಲೂ ಹೆಚ್ಚು ಬೆಲೆಯವು. ಚುನಾವಣೆಯ ವಿವರಕ್ಕೆ ‘ಹಿಸ್ಟರಿ ಆಫ್ ಪಾರ್ಲಿಮೆಂಟ್’ ಜಾಲತಾಣ ಪುಕ್ಕಟೆ. ಉಯಿಲುಗಳಿಗೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಈ ಮನೆತನಕ್ಕೆ ಮಾತ್ರ ಬೇರೆ ಭಾಗ್ಯ: ರಾಲ್ಫ್ ಕಾಗದ ಎಸೆಯುವವನಲ್ಲ, ಮೂವತ್ತು ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಪೋಲಿ ತಮ್ಮ ಟಾಮ್ ಹಣ ಬೇಡಿ ಬರೆದವೂ ಅದರಲ್ಲಿವೆ. ಮೊದಲು ಅವನ್ನೇ ಓದಿ, ನಗು ಬರುತ್ತದೆ.

ವಂಶವೃಕ್ಷವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಿರಲಿ. ಈ ಪತ್ರಗಳನ್ನು ವಿಂಗಡಿಸಿದ ಪಾರ್ಥೆನೋಪಿ, ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ. ಆಕೆಯ ಗಂಡ ಸರ್ ಹ್ಯಾರಿ ವರ್ನಿಯೂ ಬ್ಯಾರನೆಟ್ಟೇ, ಆದರೆ ಹುಟ್ಟಿದ್ದು ಕ್ಯಾಲ್ವರ್ಟ್ ಮನೆತನದಲ್ಲಿ. ಆಸ್ತಿಯ ಜೊತೆ ಹೆಸರು ಬಂತು, ಪದವಿ ಬೇರೆಯದು. ರಾಲ್ಫ್‌ನ ಪದವಿ ಹೋದದ್ದು ಕಿರಿಮಗ ಜಾನ್‌ಗೆ, ಹಿರಿಮಗನೂ ಅವನ ಗಂಡುಮಕ್ಕಳೂ ಮೊದಲೇ ತೀರಿಹೋಗಿದ್ದರಿಂದ. ಅಲೆಪ್ಪೊದಲ್ಲಿ ವ್ಯಾಪಾರ ಕಲಿತ ಈ ಜಾನ್ 1703ರಲ್ಲಿ ವೈಕೌಂಟ್ ಫರ್ಮನಾ ಆದ. ವೈಕೌಂಟ್ ಎಂದರೆ ಲಾರ್ಡ್; ಆದರೂ ಐರಿಷ್ ಪದವಿಯಾದ್ದರಿಂದ ಅವನೂ ಕಾಮನ್ಸ್‌ನಲ್ಲಿ ಕೂತ. 1791ರಲ್ಲಿ ಆ ಸಾಲು ಮುಗಿಯಿತು. ನಿಮ್ಮ ಗೆರೆಯೂ ಅಲ್ಲಿಗೇ ನಿಲ್ಲಲಿ.