ಅಚ್ಚಿಗೆ ಹೋಗುವ ಮೊದಲೇ ಕಾದಂಬರಿ ಓದುವ ಕೆಲಸ: ನನ್ನ ಅನುಭವ

ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು, ಇನ್ನೂ ಬಿಡುಗಡೆಯಾಗದ ಕಾದಂಬರಿಗಳನ್ನು ಓದುತ್ತೇನೆ. ದುಡ್ಡು ಸಿಗುವುದಿಲ್ಲ. ಪುಸ್ತಕ ಬಂದ ಮೇಲೆ ಒಂದು ಪ್ರತಿ ಸಿಗುತ್ತದೆ, ಲೇಖಕರಿಗೆ ನೆನಪಿದ್ದರೆ. ಗುರುತಿನವರೊಬ್ಬರು "ನಮ್ಮ ಕಡೆಯದೇ ಕಥೆ, ಒಂದ್ಸಲ ಕಣ್ಣಾಡಿಸಿ" ಎಂದು ಕಳಿಸಿದ್ದರಿಂದ ಇದು ಶುರುವಾಯಿತು. ಅವರು ಇನ್ನೊಬ್ಬರಿಗೆ ಹೇಳಿದರು. ನವೆಂಬರಿನಲ್ಲಿ ಪುಸ್ತಕ ತರಬೇಕು ಅನ್ನುವವರಿಗೆ ಮಳೆಗಾಲದಲ್ಲೇ ಅವಸರ. ಹಾಗಾಗಿ ಆಷಾಢದ ಹೊತ್ತಿಗೆ ಒಂದಾದರೂ ಪಿಡಿಎಫ್ ವಾಟ್ಸಾಪಿಗೆ ಬಂದು ಬೀಳುತ್ತದೆ.

ಬಂದ ಕೂಡಲೇ ಓದಲು ಕೂರುವುದಿಲ್ಲ. ಮೊದಲು ಕೇಳುವ ಪ್ರಶ್ನೆ: ಪುಟ ಕಟ್ಟಿ ಆಗಿದೆಯಾ, ಅಂದರೆ ಅಚ್ಚಿಗೆ ಹೋಗುವ ಹಾಗೆ ಪುಟಗಳನ್ನು ಜೋಡಿಸಿ ಆಗಿದೆಯಾ? ಇದು ಗೊತ್ತಿಲ್ಲದೆ ಅಭಿಪ್ರಾಯ ಹೇಳಿ ಪ್ರಯೋಜನವಿಲ್ಲ. ಇನ್ನೂ ವರ್ಡ್ ಫೈಲ್ ಹಂತದಲ್ಲಿದ್ದರೆ ಏನು ಬೇಕಾದರೂ ಹೇಳಬಹುದು. ಈ ಅಧ್ಯಾಯ ಬೇಡ, ಆ ಪಾತ್ರ ಬೇಗ ಬರಲಿ, ಹೀಗೆ. ಪುಟ ಕಟ್ಟಿದ ಮೇಲೆ ಮಾತು ಬೇರೆ. ಪುಸ್ತಕ ಹೆಚ್ಚಾಗಿ ಹದಿನಾರು ಪುಟದ ಫಾರಂಗಳ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಲೆಕ್ಕದಲ್ಲಿ ಅಚ್ಚಾಗುತ್ತದೆ. 240 ಪುಟ ಅಂದರೆ ಸರಿಯಾಗಿ 15 ಫಾರಂ. ನಾನು ಸುಮ್ನೆ "ಇಲ್ಲಿ ಇನ್ನೆರಡು ಪುಟ ಬೆಳೆಸಿ" ಅಂದರೆ ಕಾಗದದ ಲೆಕ್ಕ, ಬೆಲೆ ಎಲ್ಲ ಏರುಪೇರು. ಪ್ರಕಾಶಕರು ನಗುತ್ತಾ ಕೇಳಿಸಿಕೊಳ್ಳುತ್ತಾರೆ, ಮಾಡುವುದಿಲ್ಲ. ಆ ಹಂತದಲ್ಲಿ ತಪ್ಪುಗಳನ್ನು ಮಾತ್ರ ಹೇಳಬೇಕು.

ಎರಡನೆಯದು ಕಾಗದ. ಮೊಬೈಲಿನಲ್ಲಿ ಕಾದಂಬರಿ ಓದಿದರೆ ಬೆರಳು ಓಡುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ. ಜೊತೆಗೆ ನಮ್ಮಲ್ಲಿ ಗಾಳಿಮಳೆ ಬಂತೆಂದರೆ ಕರೆಂಟ್ ಇಲ್ಲ, ಚಾರ್ಜ್ ಇಲ್ಲ. ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಎರಡು ಪುಟದಂತೆ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸುತ್ತೇನೆ. ಅಂಗಡಿಯವನಿಗೆ ಒಂದು ಪುಟ ಓದಿ ನೋಡುವ ಚಾಳಿ ಇದೆ. ಅದಕ್ಕೇ ಎದುರಿಗೇ ನಿಂತಿರುತ್ತೇನೆ.

ಓದುವಾಗ ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಆದರೆ ಮೊದಲ ಓದಿನಲ್ಲಿ ಅದಕ್ಕೆ ಒಂದೇ ಕೆಲಸ. ಪುಸ್ತಕ ಎಲ್ಲಿ ಕೆಳಗಿಟ್ಟೆನೋ ಅಲ್ಲಿ ಅಂಚಿನಲ್ಲಿ ಒಂದು ಗೆರೆ ಎಳೆಯುವುದು, ಪಕ್ಕದಲ್ಲಿ ಕಾರಣ ಬರೆಯುವುದು. 'ಕರೆಂಟ್ ಹೋಯ್ತು.' 'ಕರು ಕೂಗಿತು.' 'ನಿದ್ದೆ.' 'ಯಾರು ಈ ರಾಮಚಂದ್ರ, ಹಿಂದೆ ಹೋಗಿ ನೋಡಿದೆ.' ಕಾಗುಣಿತ, ವಾಕ್ಯ, ಹೋಲಿಕೆ ಯಾವುದಕ್ಕೂ ಕೈ ಹಾಕುವುದಿಲ್ಲ. ಪೂರ್ತಿ ಮುಗಿದ ಮೇಲೆ ಆ ಗೆರೆಗಳನ್ನಷ್ಟೇ ತಿರುವಿ ಹಾಕುತ್ತೇನೆ. ಕರೆಂಟ್ ಹೋಗಿದ್ದು ಲೇಖಕರ ತಪ್ಪಲ್ಲ. ಆದರೆ ಕರೆಂಟ್ ಬಂದ ಮೇಲೂ ಎರಡು ದಿನ ಅದನ್ನು ಮುಟ್ಟಲಿಲ್ಲ ಅಂದರೆ? ಅದನ್ನು ಲೇಖಕರಿಗೆ ಹೇಳಲೇಬೇಕು. ನನ್ನ ಮಟ್ಟಿಗೆ ಈ ಕೆಲಸದ ಸಾರ ಇಷ್ಟೇ: ಕಥೆ ಹೇಗಿರಬೇಕು ಅನ್ನುವುದಲ್ಲ, ಓದುವಾಗ ನನಗೆ ಏನಾಯ್ತು ಅನ್ನುವುದು. ಮೊದಲನೆಯದಕ್ಕೆ ವಿಮರ್ಶಕರಿದ್ದಾರೆ. ಎರಡನೆಯದನ್ನು ಅಚ್ಚಾಗುವ ಮೊದಲು ಲೇಖಕರಿಗೆ ಯಾರೂ ಹೇಳುವುದಿಲ್ಲ.

ಎರಡನೇ ಓದು ನಿಧಾನದ್ದು, ಕೆಂಪು ಪೆನ್ನಿನದ್ದು. ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದ್ದರೆ ಅಥವಾ ಯೂನಿಕೋಡಿನಿಂದ ನುಡಿಗೆ ತಂದಿದ್ದರೆ ಅರ್ಕಾವೊತ್ತುಗಳು ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. 'ಸಾಫ್ಟ್‌ವೇರ್' ಥರದ ಪದಗಳಲ್ಲಿ ವ ಬಂದು ಟ ಕೆಳಗೆ ಒತ್ತಾಗಿ ನೇತಾಡುತ್ತದೆ. ಇದನ್ನೆಲ್ಲ ಒಂದೊಂದಾಗಿ ಗುರುತು ಮಾಡುತ್ತಾ ಕೂರಬೇಡಿ. "ಕನ್ವರ್ಟ್ ಮಾಡುವಾಗ ಕೆಟ್ಟಿದೆ, ಡಿಟಿಪಿಯವರಿಗೆ ಹೇಳಿ" ಅಂದರೆ ಸಾಕು.

ನನ್ನ ಹತ್ತಿರ ಬರುವುದು ಹೆಚ್ಚಾಗಿ ಉತ್ತರ ಕನ್ನಡದ ಕಥೆಗಳು. ಹಾಗಾಗಿ ಊರು, ಕಾಲ, ಋತು ನೋಡುವುದು ನನ್ನ ಪಾಲಿನ ಕೆಲಸ. ಕಾರವಾರದ ಕಡಲಿನಿಂದ ಸೂರ್ಯ ಮೇಲೆದ್ದ ಅನ್ನುವ ಸಾಲು ಈಗಲೂ ಬರುತ್ತದೆ! 1985ರಲ್ಲಿ ನಾಯಕಿ ಕಾರವಾರದಲ್ಲಿ ರೈಲು ಇಳಿಯುತ್ತಾಳೆ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾಗಿದ್ದು 1998ರಲ್ಲಿ. ಆಮೇಲಿನ ಕಥೆಯಾದರೂ ನಿಲ್ದಾಣ ಇರುವುದು ಶಿರವಾಡದಲ್ಲಿ, ಇಳಿದು ನಾಲ್ಕು ಹೆಜ್ಜೆ ನಡೆದರೆ ಸಮುದ್ರ ಸಿಗುವುದಿಲ್ಲ. 1950ರ ಶಿರಸಿಯ ಹುಡುಗ ಸರ್ಕಾರಿ ಕಾಗದ ಹಿಡಿದು ಬೆಂಗಳೂರಿಗೆ ಅಲೆಯುತ್ತಾನೆ. 1956ರ ನವೆಂಬರ್ 1ರ ತನಕ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅದೇ ಹುಡುಗ ಚಹಾಕ್ಕೆ ಹತ್ತು ಪೈಸೆ ಕೊಡುವ ಹಾಗೂ ಇಲ್ಲ. ರೂಪಾಯಿಗೆ ನೂರು ಪೈಸೆ ಅನ್ನುವ ಲೆಕ್ಕ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಅದಕ್ಕೆ ಮುಂಚೆ ಆಣೆ. ಜುಲೈ ಮಳೆಯಲ್ಲಿ ಅಂಗಳದ ತುಂಬಾ ಅಡಿಕೆ ಒಣಗಿಸುವವರೂ ಇದ್ದಾರೆ. ಜುಲೈಯಲ್ಲಿ ನಾವು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಲು, ಮರ ಹತ್ತುವ ಕೊನೆಗೌಡನಿಗೆ ಕಾಯುತ್ತಾ ಆಕಾಶ ನೋಡುತ್ತಿರುತ್ತೇವೆ.

ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುತ್ತೇನೆ, ಆದರೆ ಪುಟ ತೋರಿಸುವುದಿಲ್ಲ, ಕಥೆ ಹೇಳುವುದಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಫೋನ್ ಮಾಡಿ, "ಜುಲೈಯಲ್ಲಿ ಯಾರಾದರೂ ಕಡಲಿಗೆ ಇಳೀತಾರಾ?" ಎಂದಷ್ಟೇ ಕೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಯವರು ಹೋಗಬಹುದು. ಆ ಕಾದಂಬರಿಯ ಲೇಖಕರು ಜುಲೈ ತಿಂಗಳ ಅಧ್ಯಾಯದಿಂದ ಟ್ರಾಲರ್ (ಯಾಂತ್ರಿಕ ಬೋಟು) ತೆಗೆದು ನಾಡದೋಣಿ ಹಾಕಿದರು. ಆ ಅಧ್ಯಾಯಕ್ಕೆ ಅದರಿಂದ ಒಳ್ಳೆಯದೇ ಆಯಿತು, ಅಪಾಯ ಜಾಸ್ತಿಯಾಯಿತು.

ಇಂಥ ತಪ್ಪುಗಳನ್ನು ಹಿಡಿದರೆ ಲೇಖಕರು ತುಂಬಾ ಖುಷಿಪಡುತ್ತಾರೆ. ಯಾಕೆಂದರೆ ಇವು ನೋಯಿಸುವುದಿಲ್ಲ. ಕಷ್ಟ ಇರುವುದು ಪೆನ್ಸಿಲ್ ಗೆರೆಗಳ ಬಗ್ಗೆ ಮಾತಾಡುವಾಗ. ಪಿಡಿಎಫ್ ಕಳಿಸಿದ ಮೂರನೇ ದಿನಕ್ಕೇ ಫೋನ್ ಬರುತ್ತದೆ.

"ಹ್ಯಾಂಗಿದ್ದು ಮಾರಾಯ?"

'ಚೆನ್ನಾಗಿದೆ' ಅಂದರೆ ಮಾತು ಅಲ್ಲಿಗೆ ಮುಗಿಯಿತು. ಅವರಿಗೆ ಸಮಾಧಾನ, ಪುಸ್ತಕಕ್ಕೆ ಏನೂ ಇಲ್ಲ. ನಾನು ಪುಟದ ನಂಬರ್ ಹೇಳುತ್ತೇನೆ. "ಅರವತ್ತೆರಡನೇ ಪುಟದಿಂದ ತೊಂಬತ್ತರ ತನಕ ಮೂರು ಸಲ ಕೆಳಗಿಟ್ಟೆ. ಅಲ್ಲಿಂದ ಮುಂದೆ ಊಟಕ್ಕೆ ಕರೆದರೂ ಏಳಲಿಲ್ಲ." ಯಾಕೆ ಹಾಗಾಯಿತು ಎಂದು ಹುಡುಕುವುದು ಅವರ ಕೆಲಸ. ಪರಿಹಾರ ಹೇಳಲು ಹೋದರೆ ಜಗಳ ಶುರುವಾಗುತ್ತದೆ, ಕಾದಂಬರಿಯೂ ನನ್ನದಾಗತೊಡಗುತ್ತದೆ. ಎರಡೂ ಬೇಡ.

ಲೇಖಕರಿಗೆ ಒಂದು ಮಾತು. ಕೈಯಲ್ಲಿರುವ ಓದುಗರಿಗೆಲ್ಲ ಮೊದಲ ಕರಡನ್ನೇ ಹಂಚಬೇಡಿ. ಒಬ್ಬ ಮನುಷ್ಯ ಒಂದು ಕಾದಂಬರಿಯನ್ನು ಮೊದಲ ಸಲ ಓದುವುದು ಒಂದೇ ಸಲ, ಅಲ್ವಾ? ತಿದ್ದಿದ ಮೇಲೆ ಮತ್ತೆ ನನಗೇ ಕಳಿಸಿದರೆ ನಾನು ಓದುವುದು ಕಥೆಯನ್ನಲ್ಲ, ನೀವು ಏನು ಬದಲಿಸಿದ್ದೀರಿ ಅನ್ನುವುದನ್ನು. ಇಬ್ಬರಿಗೆ ಈಗ ಕೊಡಿ, ಇನ್ನಿಬ್ಬರನ್ನು ಎರಡನೇ ಕರಡಿಗೆ ಉಳಿಸಿಕೊಳ್ಳಿ.

ಮುನ್ನುಡಿಯ ಬಗ್ಗೆಯೂ ನನಗೊಂದು ತಕರಾರಿದೆ. ಇ-ಪುಸ್ತಕ ಮಾರುವ ಕಡೆಗಳಲ್ಲಿ ಮೊದಲ ಒಂದಷ್ಟು ಪುಟಗಳನ್ನು ಬಿಟ್ಟಿಯಾಗಿ ಓದಲು ಕೊಡುತ್ತಾರೆ. ನಮ್ಮ ಕನ್ನಡ ಕಾದಂಬರಿಗಳಲ್ಲಿ ಆ ಪುಟಗಳೆಲ್ಲ ಮುನ್ನುಡಿ, ಅರಿಕೆ, ಕೃತಜ್ಞತೆಯಲ್ಲೇ ಖರ್ಚಾಗುತ್ತವೆ. ಕಥೆ ಶುರುವಾಗುವ ಹೊತ್ತಿಗೆ 'ಮುಂದೆ ಓದಲು ಕೊಳ್ಳಿ' ಎಂದು ಬರುತ್ತದೆ. ಮುನ್ನುಡಿ ಬರೆದ ಹಿರಿಯರು ಕೆಲವು ಸಲ ಕೊನೆಯ ಸಾವನ್ನೂ ಹೇಳಿಬಿಟ್ಟಿರುತ್ತಾರೆ. ಮುನ್ನುಡಿಯನ್ನು ಹಿಂದಕ್ಕೆ ಹಾಕಿ ಎಂದು ನಾನು ಪ್ರತಿ ಸಲ ಬರೆಯುತ್ತೇನೆ. ಹಿರಿಯರಿಗೆ ಬೇಜಾರಾಗುತ್ತದೆ ಎಂದು ಯಾರೂ ಹಾಕುವುದಿಲ್ಲ. ಭಾನುವಾರದ ಪುರವಣಿಗೆ ಒಂದು ಅಧ್ಯಾಯ ಆರಿಸಿಕೊಡಿ ಎಂದು ಕೇಳಿದರೆ ಮಾತ್ರ ನನ್ನ ಮಾತು ನಡೆಯುತ್ತದೆ. ಹಿಂದಿನದು ಗೊತ್ತಿಲ್ಲದವರಿಗೂ ಅರ್ಥವಾಗಬೇಕು, ಮುಂದಿನದನ್ನು ಬಿಟ್ಟುಕೊಡಬಾರದು. ಅಂಥದ್ದು ಹೆಚ್ಚಾಗಿ ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ, ಮೊದಲನೆಯದು ಅಪರೂಪ.

ಹೀಗೆ ಓದಿದ ಪುಸ್ತಕದ ಬಗ್ಗೆ ಆಮೇಲೆ ನಾನು ವಿಮರ್ಶೆ ಬರೆಯುವುದಿಲ್ಲ. ಒಳಗಿನವನಾಗಿ ತಿದ್ದಲು ಹೇಳಿ, ಹೊರಗಿನವನ ಹಾಗೆ ಹೊಗಳುವುದು ಸರಿ ಕಾಣುವುದಿಲ್ಲ. ಬಿಡುಗಡೆಯಾದ ದಿನ ಫೋನಿನಲ್ಲಿರುವ ಪಿಡಿಎಫ್ ಅಳಿಸಿ ಹಾಕುತ್ತೇನೆ. ಪ್ರಿಂಟ್ ಹಾಕಿಸಿದ ಪ್ರತಿ ಬೇಕಾ ಎಂದು ಲೇಖಕರನ್ನು ಕೇಳುತ್ತೇನೆ. ಕೆಲವರು ಆಸೆಯಿಂದ ತರಿಸಿಕೊಳ್ಳುತ್ತಾರೆ. ಬೇಡ ಅಂದರೆ ಸ್ಪೈರಲ್ ಕಿತ್ತು ಹಾಳೆಗಳನ್ನು ಬಚ್ಚಲ ಒಲೆಗೆ ಹಾಕುತ್ತೇನೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿ ಇರುತ್ತದೆ, ಬೆಂಕಿ ಹೊತ್ತಿಸಲು ಏನಾದರೂ ಬೇಕಲ್ಲ.