ಹನ್ನೆರಡು ರೋಲ್ ಬಂದಿದೆ ಅಂತ ಆಪ್ ಹೇಳಿತ್ತು

ಬಳ್ಳಾರಿಯಲ್ಲಿ ನಮ್ಮ ಸೋದರಮಾವನ ಜೀನ್ಸ್ ಯೂನಿಟ್ ಇದೆ. ಮೂವತ್ತು ಮಿಷನ್, ಒಂದು ಕಟಿಂಗ್ ಟೇಬಲ್, ಹಿಂದುಗಡೆ ಸ್ಟೋರ್ ರೂಮ್. ನಾನು ಅಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಲಾಕ್‌ಡೌನ್‌ನಲ್ಲಿ, ಮಿಷನ್‌ಗಳು ಸುಮ್ನೆ ನಿಂತಿದ್ದಾಗ.

ಜೀನ್ಸ್ ಅಂದರೆ ಬಟ್ಟೆಯೊಂದೇ ಅಲ್ಲ. ಡೆನಿಮ್ ರೋಲ್ ಅಹಮದಾಬಾದ್‌ನಿಂದ ಲಾರಿಯಲ್ಲಿ ಬರುತ್ತದೆ. ಝಿಪ್, ಬಟನ್, ರಿವೆಟ್, ದಾರ, ಜೇಬಿನ ಬಟ್ಟೆ, ಲೇಬಲ್ ಒಂದೊಂದೂ ಒಂದೊಂದು ಕಡೆಯಿಂದ. ಇಷ್ಟಕ್ಕೂ ಆರ್ಡರ್ ಹೋಗುತ್ತಿದ್ದದ್ದು ಮಾವನ ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ. ಬಿಲ್ ಬಂದ ಮೇಲೆ ಯಾವ ರೇಟಿಗೆ ಮಾತಾಡಿದ್ದರು ಅಂತ ತಿಳಿಯಲು ನಾನು ಆ ಮೆಸೇಜ್‌ಗಳನ್ನು ಒಂದೊಂದಾಗಿ ಕೇಳಬೇಕಿತ್ತು. ರೇಟಿನ ಮಧ್ಯೆ ಯಾರದೋ ಮನೆಯ ಮದುವೆ ಮಾತೂ ಇರುತ್ತಿತ್ತು.

ಅದಕ್ಕೇ ಒಂದು ವೆಬ್ ಆಪ್ ಮಾಡಲು ಕೂತೆ. ಪುಟಗಳಿಗೆ ಪೈಥಾನ್‌ನ ಜಾಂಗೊ, ಲೆಕ್ಕ ಕೂಡಿಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್. ಲೆಕ್ಕ ಬಹಳ ಸರಳ: ಏನು ಆರ್ಡರ್ ಮಾಡಿದೆವು, ಏನು ಬಂತು, ಯಾವುದಕ್ಕೆ ಬಿಲ್ ಹಾಕಿದ್ದಾರೆ. ಈ ಮೂರೂ ತಾಳೆಯಾದರೆ ದುಡ್ಡು ಕೊಡುವುದು, ಇಲ್ಲವಾದರೆ ಫೋನ್ ಮಾಡಿ ಕೇಳುವುದು.

ಮೊದಲ ಪೆಟ್ಟು ಬಿದ್ದದ್ದು ಬಟನ್‌ನಲ್ಲಿ. ಬಟನ್ ಕೊಳ್ಳುವುದು ಗ್ರೋಸ್ ಲೆಕ್ಕದಲ್ಲಿ, ಅಂದರೆ 144ಕ್ಕೊಂದು ಗ್ರೋಸ್. ಖರ್ಚಾಗುವುದು ಪೀಸ್ ಲೆಕ್ಕದಲ್ಲಿ. ನಾನು ಒಂದೇ 'ಪ್ರಮಾಣ' ಅನ್ನುವ ಕಾಲಂ ಇಟ್ಟಿದ್ದೆ. 20 ಗ್ರೋಸ್ ಬಂದದ್ದು ಸ್ಟಾಕ್‌ನಲ್ಲಿ 20 ಬಟನ್ ಅಂತ ಕೂತಿತು. ಹಾಗಾಗಿ ಪ್ರತಿ ಸಾಮಾನಿಗೂ ಕೊಳ್ಳುವ ಅಳತೆ, ಬಳಸುವ ಅಳತೆ ಎರಡನ್ನೂ ಇಟ್ಟೆ, ಮಧ್ಯೆ ಗುಣಿಸುವ ಅಂಕಿ. ದುಡ್ಡು, ಮೀಟರ್ ಎಲ್ಲವನ್ನೂ ಫ್ಲೋಟ್‌ನಿಂದ (ದಶಮಾಂಶವನ್ನು ಅಂದಾಜಿಗೆ ಇಡುವ ಬಗೆ) ಡೆಸಿಮಲ್‌ಗೆ (ಇದ್ದ ಹಾಗೇ ಇಡುವ ಬಗೆ) ಬದಲಾಯಿಸಿದ್ದೂ ಆಗಲೇ. ಫ್ಲೋಟ್‌ನಲ್ಲಿ ಬಿಲ್ ಒಂದು ಪೈಸೆ ಹೆಚ್ಚು ಕಡಿಮೆ ಆಗಿ, ಸರಿಯಿದ್ದ ಬಿಲ್‌ಗಳಿಗೂ ಕೆಂಪು ಗುರುತು ಬೀಳುತ್ತಿತ್ತು.

ಜಿಎಸ್‌ಟಿ ಭಾಗಕ್ಕೆ ಹೆದರಿದ್ದೆ, ಆದರೆ ಅದೇ ಸುಲಭವಾಯಿತು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಕೋಡ್. ನಮ್ಮದು 29, ಗುಜರಾತ್ 24. ಮಾಲು ಬರುವುದು ನಮ್ಮ ಯೂನಿಟ್‌ಗೇ ಆದ್ದರಿಂದ ಸಪ್ಲೈಯರ್ ಕೋಡ್, ನಮ್ಮ ಕೋಡ್ ಎರಡೂ ಒಂದೇ ಇದ್ದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಂದರೆ ಕೇಂದ್ರದ್ದೊಂದು, ರಾಜ್ಯದ್ದೊಂದು ತೆರಿಗೆ. ಬೇರೆ ಇದ್ದರೆ ಐಜಿಎಸ್‌ಟಿ, ರಾಜ್ಯ ದಾಟಿ ಬರುವ ಮಾಲಿನ ತೆರಿಗೆ. ಒಬ್ಬ ಸಪ್ಲೈಯರ್‌ನ ಒಂದೇ ಬಿಲ್ ನಂಬರ್ ಒಂದೇ ಆರ್ಥಿಕ ವರ್ಷದಲ್ಲಿ ಎರಡನೇ ಸಲ ಒಳಗೆ ಬರಬಾರದು ಅಂತ ಡೇಟಾಬೇಸ್‌ನಲ್ಲೇ ಕಟ್ಟು ಹಾಕಿದೆ. ವಾಟ್ಸಾಪ್‌ನಲ್ಲಿ ಬಂದ ಬಿಲ್ ಒಂದು ಸಲ, ಕಾಗದದಲ್ಲಿ ಬಂದ ಅದೇ ಬಿಲ್ ಇನ್ನೊಂದು ಸಲ ಏರಿಸುವ ರೋಗ ನನಗೇ ಇತ್ತು.

ಇನ್ನು ಅಸಲಿ ಕಥೆ.

ಮಾಲು ಬಂದಾಗ ತುಂಬುವ ಪುಟವನ್ನು ನಾನು ಬಹಳ ಅಕ್ಕರೆಯಿಂದ ಮಾಡಿದ್ದೆ. ಸ್ಟೋರ್ ನೋಡಿಕೊಳ್ಳುವ ಕಾಕಾಗೆ ವಯಸ್ಸಾಗಿದೆ, ಟೈಪ್ ಮಾಡುವುದು ಕಷ್ಟ. ಅದಕ್ಕೆ ಆರ್ಡರ್‌ನಲ್ಲಿದ್ದ ಅಂಕಿಯನ್ನೇ 'ಬಂದದ್ದು' ಅನ್ನುವ ಖಾನೆಯಲ್ಲಿ ಮೊದಲೇ ತುಂಬಿಟ್ಟಿದ್ದೆ. ಸರಿಯಿದ್ದರೆ ಹಸಿರು ಬಟನ್ ಒತ್ತಿದರೆ ಮುಗೀತು. ಎರಡು ತಿಂಗಳು 'ವ್ಯತ್ಯಾಸ' ಕಾಲಂ ಉದ್ದಕ್ಕೂ ಸೊನ್ನೆ. ಮಾವನಿಗೆ ತೋರಿಸಿ ಬೀಗಿದೆ.

ಒಂದು ದಿನ ಕಟಿಂಗ್ ಮಾಸ್ಟರ್ ಬಂದು ಒಂದು ಶೇಡ್‌ನ ರೋಲ್ ಸಾಲುತ್ತಿಲ್ಲ ಅಂದರು. ಆಪ್‌ನಲ್ಲಿ ನೋಡಿದೆ, 12 ರೋಲ್ ಬಂದಿದೆ. ಸ್ಟೋರ್‌ಗೆ ಹೋಗಿ ಇದ್ದದ್ದನ್ನೂ ಕತ್ತರಿಸಿದ್ದನ್ನೂ ಎಣಿಸಿದೆವು. 11. ಮೂರು ವಾರದ ಹಿಂದಿನ ಲಾರಿ. ಎಲ್‌ಆರ್ (ಲಾರಿ ಜೊತೆ ಬರುವ ಟ್ರಾನ್ಸ್‌ಪೋರ್ಟ್ ರಸೀದಿ) ಮೇಲೆ ನಮ್ಮವರೇ ಏನೂ ಬರೆಯದೆ ಸಹಿ ಹಾಕಿದ್ದರು. ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿದರೆ ಆ ಸಹಿಯನ್ನೇ ತೋರಿಸಿದರು. ಒಂದು ರೋಲ್ ಹೋದದ್ದು ಹೋಯಿತು.

ಸ್ವಲ್ಪ ಸಿಟ್ಟಿನಲ್ಲೇ ಕಾಕಾನ ಹತ್ತಿರ ಹೋದೆ. "ಕಾಕಾ, ಎಣಿಸಲಿಲ್ಲೇನು?"

"ಅದರಾಗ ಮೊದ್ಲ ಬರ್ದಿತ್ತಲ್ಲಪಾ. ನೀನ ಬರ್ದದ್ದಲ್ಲೇನು? ಮತ್ತ ನಾ ಯಾಕ ಎಣಸ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳ ಸೊನ್ನೆಯೆಲ್ಲ ನಾನೇ ಬರೆದ ಅಂಕಿಯನ್ನು ನಾನೇ ಬರೆದ ಅಂಕಿಯಿಂದ ಕಳೆದು ಬಂದದ್ದು.

ಅವತ್ತು ರಾತ್ರಿಯೇ ಆ ಪುಟ ಬದಲಾಯಿಸಿದೆ. ಈಗ ಕಾಕಾಗೆ ಕಾಣುವುದು ಸಾಮಾನಿನ ಹೆಸರು, ಫೋಟೋ, ಒಂದು ಖಾಲಿ ಖಾನೆ. ಆರ್ಡರ್ ಎಷ್ಟಿತ್ತು ಅನ್ನುವುದು ಅವರಿಗೆ ಕಾಣುವುದಿಲ್ಲ. ಸಪ್ಲೈಯರ್ ಬಿಲ್ ನೇರ ನನ್ನ ಟೇಬಲ್‌ಗೆ ಬರುತ್ತದೆ, ಸ್ಟೋರ್‌ಗೆ ಹೋಗುವುದಿಲ್ಲ. ಡೆನಿಮ್‌ಗಾದರೆ ಒಂದೊಂದು ರೋಲ್‌ಗೂ ಒಂದೊಂದು ಸಾಲು. ರೋಲ್ ಚೀಟಿ ನೋಡಿ ನಂಬರ್, ಮೀಟರ್ ಹಾಕಬೇಕು. ದೊಡ್ಡ ಅಂಕಿ ಒತ್ತುವ ಪ್ಯಾಡ್ ಕೊಟ್ಟೆ, ಕಾಕಾ ಫೋನ್‌ನಲ್ಲೇ ತುಂಬುತ್ತಾರೆ. ಲಾರಿಯವನು ಗಡಿಬಿಡಿ ಮಾಡುತ್ತಾನೆ ಅಂತ ಮೊದಲು ಬೈದರು. ಆ ವಾರವೇ ಝಿಪ್‌ನ ಒಂದು ಪೆಟ್ಟಿಗೆ ಕಡಿಮೆ ಬಂದದ್ದು ಬಾಗಿಲಲ್ಲೇ ಸಿಕ್ಕಿತು. ಎಲ್‌ಆರ್ ಮೇಲೆ 'ಒಂದು ಕಡಿಮೆ' ಅಂತ ಬರೆದೇ ಸಹಿ ಹಾಕಿದರು. ವ್ಯತ್ಯಾಸ ಕಾಲಂನಲ್ಲಿ ಮೊದಲ ಸಲ ಸೊನ್ನೆ ಅಲ್ಲದ ಅಂಕಿ. ಸಪ್ಲೈಯರ್ ಕ್ರೆಡಿಟ್ ನೋಟ್, ಅಂದರೆ ಬಿಲ್‌ನಲ್ಲಿ ಅಷ್ಟು ಕಡಿಮೆ ಮಾಡಿದ ಚೀಟಿ ಕಳಿಸಿದರು.

ಸರ್ವರ್ ವಿಷಯದಲ್ಲಿ ಹೇಳುವಂಥದ್ದು ಕಡಿಮೆ. ಬೆಂಗಳೂರು ಡೇಟಾ ಸೆಂಟರ್‌ನ ಒಂದು ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್), ಆಪ್ ಓಡಿಸಲು ಗುನಿಕಾರ್ನ್, ಅದರ ಮುಂದೆ ಪುಟಗಳನ್ನು ಹಂಚುವ ಎಂಜಿನ್‌ಎಕ್ಸ್. ಡಿಬಗ್ (ತಪ್ಪು ಹುಡುಕಲು ಇರುವ ಸೆಟ್ಟಿಂಗ್) ಆಫ್ ಮಾಡಿದ ತಕ್ಷಣ ಬಣ್ಣ, ವಿನ್ಯಾಸವೆಲ್ಲ ಮಾಯವಾಗಿ ಪುಟ ಬೋಳಾಯಿತು. ಆ ಬಣ್ಣ, ವಿನ್ಯಾಸದ ಸ್ಟ್ಯಾಟಿಕ್ ಫೈಲ್‌ಗಳನ್ನು ಒಂದು ಕಡೆ ಸೇರಿಸಿ ಎಂಜಿನ್‌ಎಕ್ಸ್‌ಗೆ ದಾರಿ ತೋರಿಸಬೇಕು ಅಂತ ಅರ್ಥವಾಗಲು ಒಂದು ಭಾನುವಾರ ಹೋಯಿತು. ಸೈಟಿನ ಸುರಕ್ಷತೆಗೆ ಹಾಕಿದ ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ, ಅದನ್ನು ತಾನೇ ಹೊಸದು ಮಾಡಿಕೊಳ್ಳುವ ಹಾಗೆ ಇಟ್ಟಿದ್ದೇನೆ. ದಿನಾ ರಾತ್ರಿ ಬ್ಯಾಕಪ್ ಬೇರೆ ಜಾಗಕ್ಕೆ ಹೋಗುತ್ತದೆ. ಅದನ್ನು ಒಮ್ಮೆ ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದ ಮೇಲೇ ಧೈರ್ಯ ಬಂತು. ನೆಟ್ ನಿಧಾನವಿದ್ದಾಗ ಕಾಕಾ ಬಟನ್ ಎರಡು ಸಲ ಒತ್ತುತ್ತಿದ್ದರು, ಮಾಲು ಎರಡು ಸಲ ಏರುತ್ತಿತ್ತು. ಈಗ ಪ್ರತಿ ಫಾರ್ಮ್‌ಗೂ ಒಂದು ಗುಟ್ಟಿನ ನಂಬರ್, ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡುತ್ತದೆ.

ಟೈಮ್‌ದು ಮಾತ್ರ ನಗು ಬರುವ ತಪ್ಪು. ನಮ್ಮ ಬಿಸಿಲಿಗೆ ಹೆದರಿ ಮಾಲು ಇಳಿಸುವುದು ಬೆಳಗಿನ ಜಾವ. ಏಪ್ರಿಲ್ 1ರಂದು ಬೆಳಿಗ್ಗೆ 5ಕ್ಕೆ ಇಳಿದ ಮಾಲಿಗೆ ಹಳೇ ಆರ್ಥಿಕ ವರ್ಷದ ನಂಬರ್ ಬಿತ್ತು. ಸರ್ವರ್ ಯುಟಿಸಿಯಲ್ಲಿತ್ತು, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಪಾಲಿಗೆ ಅದಿನ್ನೂ ಮಾರ್ಚ್ 31ರ ರಾತ್ರಿ ಹನ್ನೊಂದೂವರೆ.

ಬಂದ ತಾರೀಖು ಈಗ ಇನ್ನೊಂದಕ್ಕೂ ಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ: ಸಣ್ಣ, ಅತಿ ಸಣ್ಣ ಉದ್ಯಮದವರ ಬಿಲ್‌ಗೆ ದುಡ್ಡು ಕೊಡುವುದು ತಡವಾದರೆ, ಆ ಖರ್ಚನ್ನು ಆದಾಯದಿಂದ ಕಳೆಯಲು ಸಿಗುವುದು ದುಡ್ಡು ಕೊಟ್ಟ ವರ್ಷಕ್ಕೇ. ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15. ಬರೀ ವ್ಯಾಪಾರ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ. ದಿನ ಎಣಿಸುವುದು ಬಿಲ್ ತಾರೀಖಿನಿಂದ ಅಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಅಂದರೆ ಕಾಕಾ ಒತ್ತಿದ ದಿನದಿಂದ. ಗಡುವಿಗೆ ಐದು ದಿನ ಮೊದಲು ಮಾವನ ಫೋನಿಗೆ ಮೆಸೇಜ್ ಹೋಗುತ್ತದೆ.

ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಜಿಎಸ್‌ಟಿಗೆ ತೋರಿಸಿದ ನಮ್ಮ ಬಿಲ್‌ಗಳ ಪಟ್ಟಿ) ಜೊತೆ ತಾಳೆ ನೋಡುವುದು ಮಾತ್ರ ಇನ್ನೂ ಎಕ್ಸೆಲ್‌ನಲ್ಲೇ ನಡೆದಿದೆ. ಪ್ರತಿ ತಿಂಗಳು 14ಕ್ಕೆ ಅದು ಬರುತ್ತದೆ, ನಾನು ಕೂತು ಒಂದೊಂದೇ ಬಿಲ್‌ಗೆ ಟಿಕ್ ಹಾಕುತ್ತೇನೆ. ಮುಂದಿನ ಕೆಲಸ ಅದೇ. ಮಾವ ಮಾತ್ರ ಆರ್ಡರ್‌ಗಳನ್ನು ಇವತ್ತಿಗೂ ವಾಯ್ಸ್ ಮೆಸೇಜ್‌ನಲ್ಲೇ ಹೇಳುತ್ತಾರೆ. ಕೇಳಿಸಿಕೊಂಡು ಆಪ್‌ಗೆ ಹಾಕುವವನು ನಾನು.